ಎತ್ತುಗಳಿಗೆ ಆಡಿದ ಮಾತು

ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಅಪ್ಪನ ತುಟಿಗಳು ಅಲುಗುವುದಷ್ಟೇ ಕಾಣುತ್ತಿತ್ತು. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಬಿಸಿಲಿಗೆ ಕೆಂಪಾದ ಮುಖದ ಆ ಎತ್ತರದ ಮನುಷ್ಯ ಎತ್ತುಗಳ ಹಿಂದೆ ನಡೆಯುತ್ತ ಬೆಳಗಿನಿಂದ ಸಂಜೆಯವರೆಗೆ ಅವುಗಳಿಗೆ ಏನೇನೋ ಹೇಳುತ್ತಿದ್ದ. ಅದು ಅವನ ಚೆಕ್ ಭಾಷೆ. ಮನೆಯಲ್ಲಿ ನಮ್ಮೊಡನೆ ಅವನು ಆಡುತ್ತಿದ್ದುದು ಕನ್ನಡವೇ. ಅದೂ ಊಟದ ಹೊತ್ತಿಗೆ ನಾಲ್ಕು ಮಾತಾಡಿದರೆ ಹೆಚ್ಚು.

ಅವನ ಹೆಸರು ಮಾತ್ಯೇಯ್. ಊರವರ ಬಾಯಲ್ಲಿ ಅದು ಮಾತಪ್ಪ ಎಂದಾಗಿತ್ತು. ಮಾತೇ ಆಡದವನಿಗೆ ಎಂಥ ಹೆಸರು ಎಂದು ಅವರೇ ನಗುತ್ತಿದ್ದರು. ಚೆಕ್ ನಾಡಿನ ರೈತನ ಮಗ ಅವನು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರ ಜೋಡಿಸಲು ನಮ್ಮ ಪಟ್ಟಣಕ್ಕೆ ಬಂದಿದ್ದ. ಕೆಲಸ ಮುಗಿದ ದಿನ ಊರಾಚೆಯ ಕರಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡಿ, ಮರಳಿ ಹೋಗುವ ಹಡಗಿನ ಟಿಕೀಟು ಮಾರಿ ಎರಡು ಎತ್ತು ಕೊಂಡನಂತೆ. ಜಿನ್ನಿನಲ್ಲಿ ಹತ್ತಿ ಆರಿಸುತ್ತಿದ್ದ ತಂಗೆವ್ವನನ್ನು ಮದುವೆಯಾದ. ಅವಳೇ ನನ್ನ ಅವ್ವ. ನಾನು ಅವರ ಒಬ್ಬಳೇ ಮಗಳು.

ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, "ಅಪ್ಪಾ, ನಿನ್ನ ಭಾಷಾ ನನಗೂ ಕಲಸೋ."

"ಯಾರ ಜೋಡಿ ಆಡತಿ?" ಎಂದಿದ್ದ. "ಎತ್ತಿಗೆ ತಿಳದರ ಸಾಕು ಬಿಡವ್ವಾ."

ಎತ್ತುಗಳ ಮೇಲೆ ನನಗೆ ಬಹಳ ದಿನ ಹೊಟ್ಟೆಕಿಚ್ಚಿತ್ತು.

ನಾನು ಈಗ ಹೇಳುತ್ತಿರುವುದು, ಊರಿನ ಶಾಲೆಯಲ್ಲಿ ನಾನೇ ಮಕ್ಕಳಿಗೆ ಕಲಿಸತೊಡಗಿದ ವರ್ಷದ ಮಾತು. ಒಳ್ಳೆಯ ಮಳೆ ಬಿದ್ದು, ಹಿಂಗಾರಿ ಬಿತ್ತನೆಗೆ ಭೂಮಿ ಹದಕ್ಕೆ ಬಂದಿತ್ತು. ಬೆಳಕು ಹರಿಯುತ್ತಲೇ ಕೂರಿಗೆ ಹೂಡಬೇಕೆಂದು ಅಪ್ಪ ಹೊಲದ ಗುಡಿಸಲಿನಲ್ಲಿ, ನೆಲದ ಮೇಲೆ ಕಂಬಳಿ ಹಾಸಿ ಮಲಗಿದ್ದ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ನಾನೂ ಅವ್ವನೂ ಹೋದಾಗ ಎತ್ತುಗಳು ಕಟ್ಟಿದಲ್ಲೇ ಇದ್ದವು. ಅಪ್ಪ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದಿದ್ದ. ರೆಪ್ಪೆಗಳು ಜೋತುಬಿದ್ದಿದ್ದವು. ಏನೋ ಹೇಳಲು ಹೋದರೆ ನಾಲಿಗೆ ಹೊರಳುತ್ತಿರಲಿಲ್ಲ.

ಪಕ್ಕದ ಹೊಲದ ದ್ಯಾಮಣ್ಣ ಗಾಡಿ ಕಟ್ಟಿದ. ಆಸ್ಪತ್ರೆ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಹಂಚಿನಮನಿ ಡಾಕ್ಟರು ಕಣ್ಣು ಬಿಡಿಸಿ ನೋಡಿದರು, ಕೈಕಾಲು ಎತ್ತಿಸಿ ನೋಡಿದರು.

"ಲಕ್ವಾ ಹೊಡದಂಗ ಕಾಣತೈತಿ. ಆದರ ಎರಡೂ ಕಡೆ ಶಕ್ತಿ ಕಡಿಮಿ ಆಗೈತಿ, ಅದ ತಿಳೀವಲ್ದು," ಎಂದರು. "ಏನಾತು ಅಂತ ಅವರ ಬಾಯಿಂದ ಒಂದು ಮಾತು ಬಂದಿದ್ದರ ಛಲೋ ಇತ್ತು."

ಮಾತು ಬರುತ್ತಿತ್ತು. ಆದರೆ ತಿಳಿಯುತ್ತಿದ್ದುದು ಒಂದೇ ಒಂದು. "ನಾ ಹದ... ನಾ ಹದ..." ಎಂದು ಅಪ್ಪ ಮತ್ತೆ ಮತ್ತೆ ತೊದಲುತ್ತಿದ್ದ.

ದ್ಯಾಮಣ್ಣ ಕಣ್ಣೊರೆಸಿಕೊಂಡ. "ಭೂಮಿ ಹದ ತಪ್ಪೀತು ಅನ್ನಾಕತ್ತಾನ, ಪಾಪ. ಚಿಂತಿ ಮಾಡಬ್ಯಾಡೋ ಮಾತಪ್ಪ, ನಿನ್ನ ಹೊಲ ನಾ ಬಿತ್ತತೇನಿ."

ಅಪ್ಪ ತಲೆಯಾಡಿಸಲು ಹೋದ. ಆಗಲಿಲ್ಲ. ಅರ್ಧ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅದು ಬಿತ್ತನೆಯ ಚಿಂತೆಯಲ್ಲ, ನಮಗೆ ಏನನ್ನೋ ತಿಳಿಸಲಾಗದ ಸಂಕಟ ಎಂದು ನನಗನ್ನಿಸಿತು. ಆದರೆ ಏನು? ನಲವತ್ತು ಮಕ್ಕಳಿಗೆ ಅಕ್ಷರ ಕಲಿಸುವವಳು ನಾನು. ಹೆತ್ತ ಅಪ್ಪನ ಒಂದು ಮಾತು ನನಗೆ ಅರ್ಥವಾಗುತ್ತಿರಲಿಲ್ಲ.

ಅವ್ವ ಮಾತ್ರ ಅಳಲಿಲ್ಲ. ಮಂಚದ ಪಕ್ಕದಲ್ಲಿ ಕುಳಿತು ಅವನ ತುಟಿಗಳನ್ನೇ ನೋಡುತ್ತಿದ್ದಳು, ಬದುವಿನ ಮೇಲೆ ನಿಂತು ನೋಡಿದ ಹಾಗೆ. ಅವು ಮತ್ತೆ ಅಲುಗಿದವು. ಈ ಸಲ 'ನಾ' ಎನ್ನುವ ಮೊದಲು ಇನ್ನೇನೋ ಉಸಿರಿನಂತೆ ಹೊರಟಿತು. ಅವ್ವ ತಟ್ಟನೆ ಎದ್ದು ನಿಂತಳು.

"ಪೋಜೋರ್ ನಾ ಹದ!" ಎಂದು ಕೂಗಿದಳು. "ಡಾಕ್ಟರ್ರ, ಹಾವು! ಇವರಿಗೆ ಹಾವು ಕಡದೈತ್ರಿ!"

"ಯಾರು ಹೇಳಿದರವ್ವಾ?"

"ಇವರ ಹೇಳಾಕತ್ತಾರಲ್ಲರೀ! ಸಾಲಿನಾಗ ಹಾವು ಅಡ್ಡ ಬಂದರ ಎತ್ತಿಗೆ ಹಿಂಗ ಒದರತಾರ. ಹುಷಾರು, ಹಾವು ಅಂತ. ಮೂವತ್ತು ವರ್ಷ ಕೂರಿಗಿ ಹಿಂದ ನಡದು ಕೇಳೇನ್ರಿ ನಾ."

ಅಪ್ಪನ ಮುಖದ ಮೇಲೆ ಆಗ ಕಂಡದ್ದನ್ನು ನಾನು ಮರೆಯಲಾರೆ. ನಗಲು ಅವನಿಗೆ ಶಕ್ತಿಯಿರಲಿಲ್ಲ. ಆದರೆ ಹಣೆಯ ಗಂಟು ಸಡಿಲಿತು. ಹೊತ್ತ ಹೊರೆಯನ್ನು ಯಾರೋ ಇಳಿಸಿಕೊಂಡಂತೆ ಅವನು ಸುಮ್ಮನಾದ.

ಡಾಕ್ಟರು ಮೈಯೆಲ್ಲ ಹುಡುಕಿದರು. ಎಡ ಮೊಣಕೈಯ ಹಿಂದೆ, ಸೂಜಿ ತಾಗಿದಂತೆ ಎರಡು ಚುಕ್ಕೆಗಳಿದ್ದವು. ಬಾವಿಲ್ಲ, ರಕ್ತವಿಲ್ಲ. "ಕಟ್ಟುಹಾವು," ಎಂದರು. "ಮಲಗಿದವರನ್ನ ಕಡದರ ಗೊತ್ತ ಆಗೂದಿಲ್ಲ." ಆಮೇಲೆ ಎಲ್ಲವೂ ಓಡೋಡಿ ನಡೆಯಿತು. ವಿಷಕ್ಕೆ ಮದ್ದು ಏರಿಸಿದರು. ಉಸಿರು ಸಣ್ಣಗಾದಾಗ ಮೂಗು ಬಾಯಿಗೆ ರಬ್ಬರಿನ ಚೀಲ ಹಿಡಿದು ಒತ್ತತೊಡಗಿದರು. ನರ್ಸ್ ದಣಿದರೆ ನಾನು, ನಾನು ದಣಿದರೆ ದ್ಯಾಮಣ್ಣ. ಸಂಜೆಯ ಬಿಸಿಲು ಕಿಟಕಿಯಿಂದ ಜಾರುವ ಹೊತ್ತಿಗೆ ಅಪ್ಪನ ಎದೆ ತಾನಾಗಿಯೇ ಏರಿಳಿಯಿತು. ಡಾಕ್ಟರು ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಇನ್ನ ಸಾಕವ್ವಾ," ಎಂದರು. ಅಲ್ಲೇ ನೆಲದ ಮೇಲೆ ಕುಳಿತೆ.

ಮೂರನೆಯ ದಿನ ಅಪ್ಪನಿಗೆ ಮಾತು ಬಂತು. ನಡೆದದ್ದನ್ನೆಲ್ಲ ಹೇಳಿದರೆ ಅವನು ನಂಬಲೇ ಇಲ್ಲ. "ಕಂಬಳಿಯಿಂದ ಹಾವು ಹರದು ಹೋಗೂದು ಕಂಡಿದ್ದೆ. ನಾ ಕನ್ನಡದಾಗ ಹೇಳಿದ್ನಲ್ಲ. ಹಾವು, ಹಾವು ಅಂತ ಎಷ್ಟು ಸಲ ಹೇಳಿದೆ. ನಿಮಗ್ಯಾಕ ಕೇಳಸವಲ್ದು ಅಂತ ನನಗ ಸಿಟ್ಟು."

ಆಮೇಲೆ ಏನೋ ಹೊಳೆದಂತೆ ಅವ್ವನ ಕಡೆಗೆ ತಿರುಗಿದ. "ತಂಗೆವ್ವಾ, ನಾ ಎತ್ತಿಗೆ ಹೇಳೂದು ನಿನಗ ಎಷ್ಟು ತಿಳೀತಿತ್ತು?"

"ಎಷ್ಟು ಅಂದರ?" ಅವ್ವ ಸೆರಗು ಸರಿಮಾಡಿಕೊಂಡಳು. "ಸಾರಿಗೆ ಉಪ್ಪು ಹೆಚ್ಚಾಗೈತಿ ಅಂತ ಎತ್ತಿನ ಮುಂದ ಹೇಳತಿದ್ರಿ. ಮರುದಿನ ಕಡಿಮಿ ಹಾಕತಿದ್ದೆ."

"ನಿನ್ನ ತಮ್ಮನ ಬಗ್ಗೆ ಅಂದ ಮಾತು?"

"ಅದೂ ತಿಳೀತಿತ್ತು. ಹಂಗ ಅನಬಾರದಿತ್ತು ನೀವು."

ಅಪ್ಪ ನಕ್ಕ. ನಗು ಕೆಮ್ಮಾಗಿ, ನರ್ಸ್ ಓಡಿಬಂದು ಗದರಿದಳು. ನಾನಂತೂ ನಗುತ್ತ ನಗುತ್ತ ಯಾವಾಗ ಅಳತೊಡಗಿದೆನೋ ತಿಳಿಯಲಿಲ್ಲ. ಮೂರು ದಿನದ ಅಳು ಅದು.

ನಗು ನಿಂತ ಮೇಲೆ ಅಪ್ಪ ಬಹಳ ಹೊತ್ತು ಅವ್ವನನ್ನು ನೋಡಿದ. ಮತ್ತೆ ಮೆಲ್ಲಗೆ, ತನ್ನ ಭಾಷೆಯಲ್ಲಿ, ಅವಳಿಗೇ ಒಂದು ಮಾತು ಹೇಳಿದ. ಪುಟ್ಟ ಮಾತು.

"ಏನಂದನವ್ವಾ ಅಪ್ಪ?" ಎಂದು ಕೇಳಿದೆ.

ಅವ್ವ, ದ್ಯಾಮಣ್ಣ ತಂದಿಟ್ಟಿದ್ದ ಕಿತ್ತಳೆಯನ್ನು ಸುಲಿದು, ಒಂದೊಂದೇ ತೊಳೆ ಬಿಡಿಸಿ ಅಪ್ಪನ ಅಂಗೈಯಲ್ಲಿ ಇಡತೊಡಗಿದಳು. ಅವನ ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ. ಅವಳೇ ಅವನ್ನು ಮಡಚಿ, ತನ್ನ ಕೈಯನ್ನು ಮೇಲಿಟ್ಟು ಮುಚ್ಚಿದಳು.