ಹಿಂದಿನ ಗಾಲಿ ನಿಂತಾಗ

ಗಂಡನ ದಿನಕರ್ಮ ಮುಗಿಸಿ ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ನಳ ಬಂತು. ನಾಲ್ಕು ಕೊಡ ತುಂಬಿದೆ. ಒಳಗೆ ಅತ್ತೆ ಮಂಜವ್ವ ರೊಟ್ಟಿ ಬಡಿಯುತ್ತಿದ್ದರು. ಯಾರೋ ಅಂಗಡಿಯ ಶಟರ್ ಬಡಿದರು. ಹಾನಗಲ್ಲಿನ ನಮ್ಮ ಮನೆಯ ಮುಂಭಾಗವೇ ನನ್ನ ಗಂಡ ಹುಲಗೇಶನ ಅಂಗಡಿ. ಸುತ್ತಲ ಹಳ್ಳಿಗಳ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಅವನು ಹೊಸ ತಂತಿ ಸುತ್ತಿ ಕೊಡುತ್ತಿದ್ದ. ಒಂಬತ್ತು ದಿನಗಳ ಮೇಲೆ ಮೊದಲ ಸಲ ಶಟರ್ ಎತ್ತಿದೆ.

ತಿಳವಳ್ಳಿಯ ರೈತ ಉಡಚಪ್ಪನವರು ಟಂಟಂ ರಿಕ್ಷಾ ತಂದು ನಿಲ್ಲಿಸಿಕೊಂಡಿದ್ದರು. ಅವರ ಮೋಟರು ತಯಾರಾಗಿ ಮೂಲೆಯಲ್ಲಿತ್ತು. ಹುಲಗೇಶ ಸುತ್ತಿದ ಕೊನೆಯ ಮೋಟರು ಅದು.

"ತಪ್ಪ ತಿಳ್ಕೋಬ್ಯಾಡ ತಂಗಿ," ಎಂದರು. "ಹಿರೇಕೆರೂರಾಗ ಒಬ್ಬರಿಗೆ ತೋರಿಸಿ ಆಮ್ಯಾಲ ಬಾವಿಗೆ ಇಳಸ್ತೇನಿ. ವೈರಿಂಗ್ ತಪ್ಪ ಮಾಡ್ಕೊಂಡ ಸತ್ತಾ ಅಂತ ಮಂದಿ ಅನ್ನಾಕತ್ತಾರ."

ಯಾವ ಮಂದಿ ಎಂದು ಕೇಳಿದೆ. ಮಣ್ಣು ಮಾಡಿದ ದಿನ ಹುಲಗೇಶನ ಗೆಳೆಯ, ಶಿಗ್ಗಾಂವಿಯ ಪ್ರಶಾಂತ ಹಾರ ಹಾಕಿ ಹೊರಗೆ ಬಂದು, ನಾಲ್ಕು ಜನರ ನಡುವೆ ನಿಂತು ಹೇಳಿದನಂತೆ. ನಾನು ಮೋಟರಿನ ಒಂದು ಬದಿ ಹಿಡಿದು ಅವರಿಗೆ ಎತ್ತಿಸಿಕೊಟ್ಟೆ.

ಟಂಟಂ ಹೋದ ಮೇಲೆ ಮೇಜಿನ ಮೇಲಿದ್ದ ಆಟದ ಗಾಡಿಯನ್ನು ನೋಡಿದೆ. ಪ್ರಶಾಂತನ ಗಾಡಿ. ಮೊಳದುದ್ದದ್ದು, ಮೆತ್ತನೆಯ ದಪ್ಪ ಗಾಲಿಗಳದ್ದು. ರಿಮೋಟ್ ಒತ್ತಿದರೆ ಬಂಡೆ ಹತ್ತುತ್ತದೆ. ಮುಂದಿನ ಗಾಲಿಗಳಿಗೆ ಒಂದು ಮೋಟರು, ಹಿಂದಿನವಕ್ಕೆ ಇನ್ನೊಂದು. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ದಾರಿಯಲ್ಲಿ ಕೈಬಿಟ್ಟ ಕಲ್ಲುಗಣಿಯೊಂದಿದೆ. ಪ್ರತಿ ಭಾನುವಾರ ಎಂಟು ಹತ್ತು ಜನ ಅಲ್ಲಿ ಕೂಡಿ ಇಂಥ ಗಾಡಿಗಳನ್ನು ಹತ್ತಿಸುತ್ತಾರೆ. ಅವರದೊಂದು ಕಟ್ಟಳೆ: ಗಾಡಿ ಎಲ್ಲಿ ನಿಂತರೂ ರಿಮೋಟ್ ಹಿಡಿದವನೇ ಹೋಗಿ ತರಬೇಕು. ಬೇರೆಯವರು ಮುಟ್ಟಿದರೆ ಸೋತ ಹಾಗೆ.

ಪ್ರಶಾಂತನಿಗೆ ಟೈಲ್ಸ್ ಅಂಗಡಿ ಇದೆ, ನಾಲ್ಕು ಗಾಡಿಗಳಿವೆ. ಇದು ಏರಿನಲ್ಲಿ ನಿಂತುಬಿಡುತ್ತದೆ ಎಂದು ಮೂಲೆಗೆಸೆದಿದ್ದ. ಸರಿಮಾಡಿಕೊಂಡರೆ ಓಡಿಸು, ಬೇಕಾದಾಗ ತಿರುಗಿ ಕೊಡು ಎಂದು ಹುಲಗೇಶನಿಗೆ ಕೊಟ್ಟ. ಹುಲಗೇಶ ಅದನ್ನು ತಂದು ನನ್ನ ಮುಂದಿಟ್ಟ. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಬಿಚ್ಚಿ ನೋಡಿದೆವು. ಎರಡು ಮೋಟರುಗಳನ್ನು ಸಿರೀಸ್‌ನಲ್ಲಿ, ಅಂದರೆ ಒಂದರ ಬೆನ್ನಿಗೊಂದು ಜೋಡಿಸಿದ್ದರು. ಏರಿನಲ್ಲಿ ಮುಂದಿನ ಗಾಲಿಗಳು ಗಾಳಿಗೆ ಎದ್ದರೆ ಆ ಮೋಟರು ಭಾರವಿಲ್ಲದೆ ಗಿರಗಿರ ತಿರುಗಿ ವೋಲ್ಟೇಜನ್ನೆಲ್ಲ ತಾನೇ ನುಂಗುತ್ತದೆ. ಗಾಡಿಯ ಭಾರ ಹೊತ್ತ ಹಿಂದಿನದಕ್ಕೆ ಏನೂ ಉಳಿಯುವುದಿಲ್ಲ. ಅದು ನಿಲ್ಲುತ್ತದೆ. ಎರಡಕ್ಕೂ ಬ್ಯಾಟರಿಯಿಂದ ಬೇರೆಬೇರೆಯಾಗಿ ಕೊಡು ಎಂದೆ. ಅವನು ಬೆಸೆದ, ನಾನು ತಂತಿ ಹಿಡಿದಿದ್ದೆ. ಮುಂದಿನ ಎರಡು ಭಾನುವಾರ ಪ್ರಶಾಂತ ಎಸೆದ ಗಾಡಿಯಿಂದಲೇ ಹುಲಗೇಶ ಪ್ರಶಾಂತನನ್ನು ಸೋಲಿಸಿದ.

ಮೂರನೆಯ ಭಾನುವಾರ ಗಣಿಯ ಎತ್ತರದ ಮೆಟ್ಟಿಲಿನಲ್ಲಿ ಗಾಡಿ ನಿಂತಿತು. ತರಲು ಹತ್ತಿದವನ ಕಾಲಡಿಯ ಕಲ್ಲು ಕಳಚಿತು. ಇಪ್ಪತ್ತು ಅಡಿ. ಠಾಣೆಯವರು ಆಕಸ್ಮಿಕ ಎಂದು ಬರೆದುಕೊಂಡರು.

ಈಗ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆದೆ. ಹುಲಗೇಶ ಬೆಸೆದ ಕಡೆ ಸ್ಲೀವಿನ ಸಣ್ಣ ಕೊಳವೆ ಏರಿಸಿ, ನೂಲು ಸುತ್ತಿ, ವಾರ್ನಿಶ್ ಹಚ್ಚುತ್ತಿದ್ದ. ದೊಡ್ಡ ಮೋಟರಿಗೂ ಹಾಗೆಯೇ, ಮಕ್ಕಳ ಆಟಿಗೆಗೂ ಹಾಗೆಯೇ. ಒಳಗೆ ಅದು ಇರಲಿಲ್ಲ. ಕರೀ ಟೇಪು ಸುತ್ತಿತ್ತು. ಟೇಪಿನ ಕೆಳಗೆ ತಂತಿಗಳು ಮತ್ತೆ ಮೊದಲಿನ ಹಾಗೆ, ಒಂದರ ಬೆನ್ನಿಗೊಂದು.

ಶನಿವಾರ ಸಂಜೆ ಪ್ರಶಾಂತ ಮನೆಗೆ ಬಂದಿದ್ದ. ನಿನಗೆ ಕೊಟ್ಟ ಚಾರ್ಜರ್ ಸರಿಯಿಲ್ಲ, ನಾನೇ ಚಾರ್ಜ್ ಮಾಡಿ ನಾಳೆ ಗಣಿಗೆ ತರುತ್ತೇನೆ ಎಂದು ಗಾಡಿ ಒಯ್ದಿದ್ದ. ನಾನೇ ಚೀಲಕ್ಕೆ ಹಾಕಿ ಕೊಟ್ಟಿದ್ದೆ.

ಸವಣೂರಿನ ರಮೀಜನಿಗೆ ಫೋನ್ ಮಾಡಿದೆ. ಅವನು ಆ ಗುಂಪಿನವನೇ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸತ್ತ ದಿನ ಗಾಡಿಯನ್ನು ಮನೆಗೆ ತಂದಿಟ್ಟವನೂ ಅವನೇ. ಶನಿವಾರ ಪ್ರಶಾಂತ ನಿನ್ನ ಅಂಗಡಿಗೆ ಬಂದಿದ್ದನೇ ಎಂದು ಕೇಳಿದೆ. ಬಂದಿದ್ದ, ಸೋಲ್ಡರಿಂಗ್ ಕಡ್ಡಿ ಕೇಳಿ ಇಸಿದುಕೊಂಡು ಏನೋ ಬೆಸೆದ, ತಾನು ಗಿರಾಕಿಯ ಜೊತೆಗಿದ್ದೆ ಎಂದ. ಅಂಗಡಿಯ ಜಾಗ ಪ್ರಶಾಂತನ ಅಪ್ಪನದು.

"ನನ್ನ ಹೆಸರ ತರಬ್ಯಾಡ್ರಿ ಭಾಬಿ," ಎಂದ.

ಅತ್ತೆಗೆ ಎಲ್ಲ ಹೇಳಿದೆ. ಮಗ ಸತ್ತಾಗಲೂ ನೋಡದಷ್ಟು ನೇರವಾಗಿ ನನ್ನನ್ನು ನೋಡಿದರು. ಭಾನುವಾರ ಗಣಿಗೆ ಹೋಗುತ್ತೇನೆ ಎಂದೆ. ತಿಂಗಳು ತುಂಬದೆ ಹೊಸ್ತಿಲು ದಾಟಬಾರದು ಎಂದು ಅವರ ಅಕ್ಕ ಹೇಳಿ ಹೋಗಿದ್ದರು.

"ಹೋಗಿ ಬಾ," ಎಂದರು ಅತ್ತೆ. "ಅಂವಗ ನೀರ ಕುಡಿಸಿ ಬಾ."

ಬ್ಯಾಟರಿ ತುಂಬಿಸಿದೆ. ತಂತಿ ಮುಟ್ಟಲಿಲ್ಲ. ಟೇಪು ಇದ್ದ ಹಾಗೇ ಇರಲೆಂದು ಮುಚ್ಚಳ ಹಾಕಿದೆ.

ಗಣಿಯಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಹುಲಗೇಶನ ಫೋಟೋ, ಅದರ ಪಕ್ಕ ಕೈಮುಗಿದ ಪ್ರಶಾಂತನ ಫೋಟೋ. ಪ್ರಶಾಂತನದೇ ದೊಡ್ಡದು. ಹತ್ತು ಜನ ಇದ್ದರು. ಪ್ರಶಾಂತ ಎದುರಿಗೆ ಬಂದು ಯಾಕೆ ಬರಲು ಹೋದಿರಿ, ಹೇಳಿ ಕಳಿಸಿದ್ದರೆ ತಾನೇ ಬರುತ್ತಿದ್ದೆ ಎಂದ. ನಿಮ್ಮ ಗಾಡಿ ಕೊಡಲು ಬಂದೆ ಎಂದೆ. ಗಾಡಿಯನ್ನು ಏರಿನ ಬುಡದಲ್ಲಿಟ್ಟು ರಿಮೋಟನ್ನು ಅವನ ಕೈಗೆ ಕೊಟ್ಟೆ.

"ನಮ್ಮವರು ಕೆಡಿಸಿದ್ರು ಅಂದ್ರಲ್ಲ. ನಾ ಬಿಚ್ಚಿ ನೋಡೇನಿ. ಒಮ್ಮೆ ಹತ್ತಿಸಿ ನೋಡಿ ತಗೊಳ್ರಿ."

ನಾನು ಓದಿದವಳೆಂದು ಅವನಿಗೆ ಗೊತ್ತಿತ್ತು. ಸರಿಮಾಡಿ ತಂದಿದ್ದೇನೆಂದು ತಿಳಿದ. ತಿಳಿಯಲೆಂದೇ ಹಾಗೆ ಹೇಳಿದ್ದೆ.

ಸಮತಟ್ಟಿನಲ್ಲಿ ಗಾಡಿ ತುಸು ನಿಧಾನವಾಗಿ ಹೋಯಿತು, ಅಷ್ಟೇ. ಮೊದಲ ಏರನ್ನೂ ಹತ್ತಿತು. ಎತ್ತರದ ಮೆಟ್ಟಿಲಿನ ಅಂಚಿಗೆ ಬಂದಾಗ ಮುಂದಿನ ಗಾಲಿಗಳು ಎದ್ದವು, ಗಿರಗಿರ ತಿರುಗಿದವು. ಹಿಂದಿನವು ನಿಂತವು. ಅದೇ ಜಾಗ. ಪ್ರಶಾಂತ ರಿಮೋಟನ್ನು ಬಿಗಿಯಾಗಿ ಒತ್ತಿಯೇ ಇದ್ದ.

"ರಿಮೋಟ್ ಹಿಡಿದವ್ರ ಹೋಗಿ ತರಬೇಕಲ್ರಿ," ಎಂದೆ.

ಅವನು ಸುತ್ತ ನೋಡಿದ. ಅದು ಅವರದೇ ಕಟ್ಟಳೆ, ಯಾರೂ ಬೇಡವೆನ್ನಲಿಲ್ಲ. ರಿಮೋಟನ್ನು ಕೆಳಗಿಟ್ಟು ಹತ್ತತೊಡಗಿದ. ಅರ್ಧಕ್ಕೆ ಹೋದಾಗ ಕಾಲಡಿಯಿಂದ ಚೂರು ಉದುರಿತು. ಬಂಡೆಗೆ ಅಂಟಿಕೊಂಡು ನಿಂತ. ಮೇಲೆ ಹೋಗಲಾಗಲಿಲ್ಲ, ಕೆಳಗೂ ಇಳಿಯಲಾಗಲಿಲ್ಲ. ಬೀಳಲಿ ಎಂದು ನಾನು ಬಯಸಿದೆ. ಆ ಟೇಪು ಕಂಡ ದಿನದಿಂದ ಬೇರೇನನ್ನೂ ಬಯಸಿರಲಿಲ್ಲ.

ಹುಲಗೇಶ ಸತ್ತ ಮೇಲೆ ಅವರು ಹಗ್ಗ ತರತೊಡಗಿದ್ದರು. ರಮೀಜ ಅದನ್ನು ಬಿಚ್ಚುತ್ತಿದ್ದ.

"ಇನ್ನೂ ಬ್ಯಾಡ," ಎಂದೆ. ಅವನ ಕೈ ನಿಂತಿತು.

"ವೈನಿಯರ, ಹಗ್ಗ ಒಗಸ್ರಿ," ಎಂದ ಪ್ರಶಾಂತ ತಿರುಗಿ ನೋಡದೆ. "ಕಾಲ ಜಾರಾಕತ್ತೈತಿ."

"ಒಳಗ ಕರೀ ಟೇಪ್ ಐತಿ. ಅದನ್ನ ಯಾರ ಸುತ್ತಿದ್ರು ಹೇಳ್ರಿ. ಎಲ್ಲಾರಿಗೂ ಕೇಳೂ ಹಂಗ."

ಇನ್ನೊಂದು ಚೂರು ಉದುರಿ, ಪುಟಿದು, ನನ್ನ ಕಾಲ ಬಳಿ ಬಿತ್ತು.

"ನಾನ ಸುತ್ತಿದ್ದು," ಎಂದ. "ಅಂವಾ ಮತ್ತ ಗೆಲ್ಲಬಾರ್ದಂತ. ಸಾಯ್ಲಿ ಅಂತಲ್ರಿ."

"ಅವರ ವೈರಿಂಗ್?"

"ಸರಿ ಇತ್ತು. ಅವಂದು ಸರಿ ಇತ್ತ್ರಿ."

ರಮೀಜ ನನ್ನನ್ನು ಕೇಳದೆ ಹಗ್ಗ ಎಸೆದ. ನಾನು ತಡೆಯಲಿಲ್ಲ. ಪ್ರಶಾಂತ ಕೆಳಗಿಳಿದು ನೆಲದ ಮೇಲೆ ಕುಳಿತ. ಹೆಸರು ತರಬೇಡಿರೆಂದಿದ್ದ ರಮೀಜ ಶನಿವಾರದ್ದನ್ನು ತಾನಾಗಿಯೇ ಎಲ್ಲರಿಗೂ ಹೇಳಿದ. ಒಬ್ಬ ಫ್ಲೆಕ್ಸಿನ ದಾರ ಕೊಯ್ದ. ಪ್ರಶಾಂತ ಜೀವಂತ ಇಳಿದದ್ದು ನನಗೆ ಸೇರಲಿಲ್ಲ. ಗಾಡಿಯನ್ನು ರಮೀಜ ಇಳಿಸಿ ತಂದ. ಪ್ರಶಾಂತ ಅದರತ್ತ ಕೈ ಚಾಚಲಿಲ್ಲ. ನಾನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಸೋಮವಾರ ಉಡಚಪ್ಪನವರು ಬಂದು ಬಾಗಿಲಲ್ಲೇ ನಿಂತರು. ಮೋಟರನ್ನು ಯಾರಿಗೂ ತೋರಿಸಲಿಲ್ಲವಂತೆ, ಬಾವಿಗೆ ಇಳಿಸಿದರಂತೆ, ನೀರು ಚೆನ್ನಾಗಿ ಎತ್ತುತ್ತಿದೆಯಂತೆ. ಅತ್ತೆ ಕುಳಿತುಕೊಳ್ಳಲು ಹೇಳಲಿಲ್ಲ.

ಅದೇ ದಿನ ಕರೀ ಟೇಪನ್ನು ಕತ್ತರಿಸಿ ತೆಗೆದೆ. ಎರಡೂ ಮೋಟರುಗಳ ಕೆಂಪು ತಂತಿಗಳನ್ನು ಒಂದು ಕಡೆ ಕೂಡಿಸಿದೆ, ಕಪ್ಪು ತಂತಿಗಳನ್ನು ಇನ್ನೊಂದು ಕಡೆ. ಬೆಸೆಯುವಾಗ ಬೆರಳಿಗೆ ಕಾದ ಕಡ್ಡಿ ತಾಗಿದ್ದು ವಾಸನೆಯಿಂದ ಗೊತ್ತಾಯಿತು. ಸ್ಲೀವ್ ಏರಿಸಿದೆ, ನೂಲು ಸುತ್ತಿದೆ, ವಾರ್ನಿಶ್ ಹಚ್ಚಿ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಮುಂದಿನ ಗಾಲಿಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ರಿಮೋಟ್ ಒತ್ತಿದೆ. ಹಿಂದಿನ ಗಾಲಿಗಳು ನನ್ನ ಕೈಯನ್ನು ತಳ್ಳಿದವು.

ಬುಧವಾರ ಶಿಗ್ಗಾಂವಿಗೆ ಹೋದೆ. ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಸಂತೆಯ ದಿನ ನೋಡಿಯೇ ಹೋಗಿದ್ದೆ. ಪ್ರಶಾಂತ ಎದ್ದು ನಿಂತ.

"ಅದನ್ನ ಒಯ್ರಿ," ಎಂದ ಮೆಲ್ಲಗೆ. "ನನಗ ಬ್ಯಾಡ."

"ತಂದದ್ದು ತಿರುಗಿ ಕೊಡಬೇಕ್ರಿ. ಇಲ್ಲಾಂದ್ರ ಅವರ ಹೆಸರಿಗೆ ಮಾತ ಬರ್ತೈತಿ. ನಡಿಸಿ ನೋಡಿ ತಗೊಳ್ರಿ."

ಜನ ನೋಡುತ್ತಿದ್ದರು. ಅವನು ರಿಮೋಟ್ ತೆಗೆದುಕೊಂಡ. ಒಂದರ ಮೇಲೊಂದು ಪೇರಿಸಿದ್ದ ಟೈಲ್ಸ್ ಡಬ್ಬಿಗಳು ಮೆಟ್ಟಿಲಿನಂತಿದ್ದವು. ಗಾಡಿಯ ಮುಂದಿನ ಗಾಲಿಗಳು ಎದ್ದವು. ಹಿಂದಿನವು ನಿಲ್ಲಲಿಲ್ಲ. ಒಂದೊಂದೇ ಡಬ್ಬಿ ಹತ್ತುತ್ತ ತುದಿಗೆ ಹೋಗಿ ನಿಂತಿತು. ಬಂಕಾಪುರದ ಕಡೆಯ ಗಿರಾಕಿಯೊಬ್ಬರು ಹತ್ತಿರ ಬಂದು, ಇಷ್ಟು ಚಂದ ರಿಪೇರಿ ಮಾಡಿದವರು ಯಾರು ಎಂದು ಪ್ರಶಾಂತನನ್ನು ಕೇಳಿದರು.

ನಾನು ಕಾದೆ.

"ಹಾನಗಲ್ಲ ಹುಲಗೇಶ," ಎಂದ.

ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಏನಂದಿರಿ ಎಂದು ಮತ್ತೆ ಕೇಳಿದರು. ಪ್ರಶಾಂತ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಚಾರ್ಜರನ್ನೂ ಅವನ ಮುಂದಿಟ್ಟು ಹೊರಗೆ ಬಂದೆ.