ಎಂಜಿನ್ ತಣಿಯುವವರೆಗೆ

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ರಸ್ತೆಯಲ್ಲಿ ಮಾರಿಗೊಂದು ಹಂಪು, ಹಂಪಿಲ್ಲದ ಕಡೆ ಗುಂಡಿ. ಕುದುರೆಯ ಹಾಗೆ ಹಾರಬೇಕಾದದ್ದು ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ನೀರಿನ ಟ್ಯಾಂಕರಿನ ಹಿಂದೆ ನಿಂತು ಹೊಗೆ ಕುಡಿಯುತ್ತಿರುತ್ತದೆ. ಇದನ್ನು ಆ ಹುಚ್ಚು ಹಿಡಿದವರಿಗೆ ಹೇಳಿ ನೋಡಿ. ಪಾಪ, ಇವನಿಗೇನು ಗೊತ್ತು ಎಂಬಂತೆ ನಿಮ್ಮ ಮುಖ ನೋಡುತ್ತಾರೆ, ಅಷ್ಟೆ.

ವಿರೂಪಾಕ್ಷ ಅಂಥವರಲ್ಲೊಬ್ಬ. ಗದಗದ ಕಡೆಯವನು, ಸಿ.ವಿ. ರಾಮನ್ ನಗರದಲ್ಲಿ ಮನೆ, ಅಲ್ಲೇ ಟೆಕ್ ಪಾರ್ಕಿನಲ್ಲಿ ಕೆಲಸ. ವಾರವಿಡೀ ಕಂಪನಿಯ ಕ್ಯಾಬಿನಲ್ಲಿ ತೂಕಡಿಸುತ್ತಾ ಹೋಗಿಬರುವ ಈ ಪ್ರಾಣಿಗೆ ಭಾನುವಾರ ಬಂತೆಂದರೆ ಕೋಳಿಗಿಂತ ಮೊದಲು ಎಚ್ಚರವಾಗುತ್ತಿತ್ತು. ಹೆಂಡತಿ ವಿಮಲಾಕ್ಷಿ ಮುಸುಕಿನೊಳಗಿಂದಲೇ ಬೈಯುತ್ತಿದ್ದರೆ, ಕೇಳಿಸದವನಂತೆ ತನ್ನ ಹಳದಿ ಕಾರನ್ನು ಹೊರಗೆ ತೆಗೆಯುತ್ತಿದ್ದ. ಕೆ.ಆರ್. ಪುರದ ತೂಗುಸೇತುವೆಯ ಬಳಿ ಅದೇ ಹುಚ್ಚಿನ ಐದಾರು ಜನ ಸೇರಿ, ಊರು ಏಳುವ ಮೊದಲೇ ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿ ಹಿಡಿಯುತ್ತಿದ್ದರು.

ಎಲ್ಲರ ಕಣ್ಣೂ ಅಫ್ತಾಬನ ಕಾರಿನ ಮೇಲೆ. ಅಫ್ತಾಬನದು ಫ್ರೇಜರ್ ಟೌನಿನಲ್ಲಿ ಮನೆ, ಶಿವಾಜಿನಗರದಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿ. ಯಾರೋ ಪರದೇಶದಿಂದ ತರಿಸಿ, ಕೆಟ್ಟು, ಶೆಡ್ಡಿನಲ್ಲಿ ಬಿಸಾಕಿದ್ದ ಎರಡು ಸೀಟಿನ ಜಪಾನಿ ಕಾರನ್ನು ಕೊಂಡು ವರ್ಷಗಟ್ಟಲೆ ಕೂತು ಜೀವ ತುಂಬಿದ್ದ. ಸೀಟಿನ ಒಂದೊಂದು ಹೊಲಿಗೆಯೂ ಅವನದೇ. ಅದರ ಕೆಂಪು ಬಣ್ಣವನ್ನು ಬಿಸಿಲಿನಲ್ಲಿ ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು. ಮೂರನೇ ಗೇರಿನಲ್ಲಿ ಟರ್ಬೋ ಎಚ್ಚೆತ್ತು ಬೆನ್ನನ್ನು ಸೀಟಿಗೆ ಒತ್ತಿಹಿಡಿದಾಗ ಎಂಥ ಸಿಡುಕುಮೋರೆಯವನಿಗೂ ನಗು ಬಂದುಬಿಡುತ್ತಿತ್ತು. ಅಫ್ತಾಬನ ಹೆಂಡತಿ ನೌರೀನ್ ಆ ಕಾರನ್ನು ಕರೆಯುತ್ತಿದ್ದುದೇ 'ನನ್ನ ಸವತಿ' ಎಂದು.

"ಒಂದ್ಸಲ ಓಡಿಸ್ಲಾ ಮಗಾ?" ಎಂದು ವಿರೂಪಾಕ್ಷ ಹಲ್ಲು ಗಿಂಜಿದಾಗಲೆಲ್ಲ ಅಫ್ತಾಬ್ ಕೀ ಎಸೆಯುತ್ತಿದ್ದ. "ಓಡ್ಸು. ಆದ್ರೆ ತಣಿಸದೆ ಆಫ್ ಮಾಡಿದ್ರೆ ಸಾಯಿಸ್ಬಿಡ್ತೀನಿ, ನೋಡು."

ಆ ಒಂದು ವಿಷಯದಲ್ಲಿ ಅವನು ಮಹಾ ಮಡಿವಂತ. ಜೋರಾಗಿ ಓಡಿಸಿದ ಟರ್ಬೋ ಎಂಜಿನ್ನನ್ನು ಥಟ್ಟನೆ ಆರಿಸಬಾರದು, ನಿಂತಲ್ಲೇ ಸ್ವಲ್ಪ ಹೊತ್ತು ಓಡಲು ಬಿಟ್ಟು ತಣಿಸಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ಹೊಟ್ಟೆ ಹಸಿದಾಗ ಯಾರು ಕೂರುತ್ತಾರೆ? ಅಫ್ತಾಬ್ ಕೂರುತ್ತಿದ್ದ. "ನಮ್ಮ ದಾದಾ, ಅಂದ್ರೆ ತಾತ, ರಸೆಲ್ ಮಾರ್ಕೆಟ್ ಹತ್ರ ಜಟಕಾ ಓಡಿಸ್ತಿದ್ರು ಗುರು. ಓಡಿ ಬಂದ ಕುದುರೇನ ಹಂಗೇ ಕಟ್ಟಾಕ್ತಿರಲಿಲ್ಲ. ನಡೆಸಿ, ಬೆವರಾರಿಸಿ, ಆಮೇಲೆ ನೀರು. ನೀವು ಹೋಗಿ ಆರ್ಡರ್ ಮಾಡಿ." ಸೀಟಿನಲ್ಲೇ ತಲೆ ಒರಗಿಸಿ ಕೂತು, ಎಂಜಿನ್ ಗುನುಗುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನ ಅಮ್ಮೀ ಫಹ್ಮಿದಾಗೂ ಈ ಶಿಸ್ತು ಗೊತ್ತಿತ್ತು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಕಳೆದುಕೊಂಡ ಆಕೆ, ಗಲ್ಲಿಯ ತುದಿಯ ಬೇಕರಿಯ ತಿರುವಿನಲ್ಲಿ ಕಾರಿನ ಸದ್ದು ಕೇಳಿದ ಕೂಡಲೇ ಚಹಾಕ್ಕೆ ನೀರಿಡಲು ಸೊಸೆಗೆ ಹೇಳಿ, ಗೋಡೆ ಹಿಡಿದು ಗೇಟಿಗೆ ಬರುತ್ತಿದ್ದರು. ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವರು. "ಇಷ್ಟು ಸುಡ್ತಿದೆ. ಎಷ್ಟು ಜೋರಾಗ್ ಬಂದ್ಯೋ ಬದ್ಮಾಶ್?" ಮಗ ನಗುವನು. ಮಗನ ಜ್ವರ ನೋಡುವ ಕೈಯೂ ಅದೇ.

ಕಳೆದ ಚಳಿಗಾಲದ ಆ ಭಾನುವಾರವೂ ಹಾಗೇ. ಕೋಲಾರದ ರಸ್ತೆಯ ಹೋಟೆಲಿನ ಮುಂದೆ ಎಲ್ಲರೂ ಇಳಿದರು. ಅಫ್ತಾಬ್ ಮಾತ್ರ ಆಚೆ ಹೊಂಗೆಮರದ ಕೆಳಗೆ ಕಾರಿನಲ್ಲೇ ಕೂತ. "ಬಾರೋ" ಎಂದು ವಿರೂಪಾಕ್ಷ ಕೂಗಿದ. ಗಾಜಿನ ಹಿಂದೆ ಅಫ್ತಾಬನ ಕೈ ಮೇಲೆದ್ದಿತು. ನೀವು ಹೋಗಿ, ಬರ್ತೀನಿ ಎಂದಿರಬೇಕು. ಹಾಗೆಂದೇ ಎಲ್ಲರೂ ಒಳಗೆ ಹೋದರು.

ಬಾಗಿಲ ಪಕ್ಕದ ಮೇಜು. ಎಂಜಿನ್ನಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. "ಕೇಳ್ರಪ್ಪಾ ಹೆಂಗಿದೆ ಅಂತ. ಹಾಲು ಕುಡಿದ್ ಮಲಗಿರೋ ಮಗು ಥರ ಉಸಿರಾಡ್ತಿದೆ" ಎಂದ ಜೊತೆಗಿದ್ದ ಪ್ರಭುಲಿಂಗ. ಎಲ್ಲರೂ ಕಿವಿಗೊಟ್ಟು ತಲೆದೂಗಿದರು. ಆ ಸದ್ದಿನಲ್ಲಿ ಒಂದಿಷ್ಟು ಏರುಪೇರು ಕೇಳಿದ್ದರೂ ಅಷ್ಟೂ ಜನ ಕೈ ತೊಳೆಯದೆ ಎದ್ದು ಓಡುತ್ತಿದ್ದರು. ಸದ್ದು ನೆಟ್ಟಗಿತ್ತು. ಆದ್ದರಿಂದ ಇನ್ನೊಂದೊಂದು ತಟ್ಟೆ ಇಡ್ಲಿ ತರಿಸಿಕೊಂಡರು.

ಕಡೆಗೆ ವಿರೂಪಾಕ್ಷ ಎದ್ದುಹೋದ. ಪೆಟ್ರೋಲೇನು ನಿನ್ನ ಮಾವನ ಮನೇದಾ ಎಂದು ಬೈಯುತ್ತಾ ಬಾಗಿಲು ತೆಗೆದ. ಕೈ ಹಾಕಿ, ಮೊದಲು ಕೀ ತಿರುಗಿಸಿ ಎಂಜಿನ್ ಆರಿಸಿದ. ಆಮೇಲೆ ಮುಖ ನೋಡಿದ. ಗೆಳೆಯನ ಮುಖಕ್ಕಿಂತ ಮೊದಲು ಅವನಿಗೆ ಕಂಡದ್ದು ಕೀ. ಒಳ್ಳೆಯವನೇ ವಿರೂಪಾಕ್ಷ, ಆದರೂ ಹಾಗೆಯೇ ಆಯಿತು. ಹೃದಯಾಘಾತ ಎಂದರು ಡಾಕ್ಟರು. ಸ್ವಲ್ಪ ಬೇಗ ಕರೆದುಕೊಂಡು ಬರಬೇಕಿತ್ತು ಎಂದೂ ಅಂದರು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ವಿರೂಪಾಕ್ಷ ಆ ಮನೆಗೆ ಹೋದ. ಗಂಡ ಸತ್ತವಳು ಆ ದಿನಗಳಲ್ಲಿ ಹೊರಗಿನವರ ಎದುರು ಬರುವಂತಿಲ್ಲ. ಪರದೆಯ ಹಿಂದಿನಿಂದ ನೌರೀನ್ ಕಾರಿನ ಕೀ ಚಾಚಿದಳು.

"ವಿರೂ ಭಾಯ್, ಇದನ್ನ ತಗೊಂಡ್ ಹೋಗಿ. ಮಾರ್ತೀರೋ ಸುಡ್ತೀರೋ, ನಿಮಗೆ ಬಿಟ್ಟಿದ್ದು. ಈ ಗಲ್ಲೀಲಿ ಅದರ ಸದ್ದು ನನಗೆ ಮತ್ತೆ ಕೇಳಿಸ್ಬಾರದು."

"ಭಾಭಿ, ನಾವು..."

"ಅವರು ಕೈ ಎತ್ತಿದ್ರಂತೆ. ನೀವೆಲ್ಲಾ ಒಳಗೆ ಇಡ್ಲಿ ತಿಂತಿದ್ರಿ."

ವಿರೂಪಾಕ್ಷ ಕೀ ತೆಗೆದುಕೊಂಡು ತಲೆ ತಗ್ಗಿಸಿ ಬಂದ. ಎಷ್ಟೋ ವರ್ಷ ಜೊಲ್ಲು ಸುರಿಸಿದ್ದ ಕಾರು ಈಗ ಅವನ ಅಪಾರ್ಟ್‌ಮೆಂಟಿನ ಕೆಳಗೆ ಬಂದು ನಿಂತಿತು, ಬಾಯಲ್ಲಿ ಬಿಸಿತುಪ್ಪ ಇಟ್ಟ ಹಾಗೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊಳ್ಳುತ್ತೇವೆಂದು ಬಂದವರಿಗೆಲ್ಲ ಏನಾದರೊಂದು ಐಬು ಹೇಳಿ ಕಳಿಸಿಬಿಟ್ಟ. ಆ ಸೀಟಿನಲ್ಲಿ ಬೇರೆಯವರು ಕೂರುವುದು ಅವನಿಗೆ ಬೇಡವಾಗಿತ್ತು.

ದಿನಗಳು ಕಳೆದು ನೌರೀನ್ ಮತ್ತೆ ತನ್ನ ಶಾಲೆಯ ಕೆಲಸಕ್ಕೆ ಹೋಗತೊಡಗಿದಳು. ಆಗ ಒಂದು ಬೆಳಿಗ್ಗೆ ಫಹ್ಮಿದಾರ ಫೋನು ಬಂತು.

"ಬೇಟಾ, ಬಹೂ ಸ್ಕೂಲಿಗೆ ಹೋಗಿದ್ದಾಳೆ. ಗಾಡಿ ತಗೊಂಡ್ ಬಾ."

"ಅಮ್ಮೀ, ಬೇಡ ಅಂದಿದ್ದಾರೆ ಭಾಭಿ."

"ನಂಗೊತ್ತು. ಅವಳ ಎದೆ ಒಡೆಯತ್ತೆ ಆ ಸದ್ದು ಕೇಳಿದ್ರೆ. ನಂಗೆ ಕೇಳಿಸದೇ ಇದ್ರೆ ಒಡೆಯತ್ತೆ. ಏನ್ಮಾಡ್ಲಿ ಹೇಳು? ನೀವು ಕಣ್ಣಿರೋರು, ಫೋಟೋ ನೋಡ್ತೀರ. ನನ್ನ ಹತ್ರ ಇದ್ದಿದ್ದು ಅದೊಂದೇ. ಬೇಕರಿ ಹತ್ರ ತಿರುಗಿ ಗೇಟಿಗೆ ಬರೋವರೆಗೂ ನನ್ನ ಮಗ ಬದುಕಿರ್ತಾನೆ ಕಣೋ. ನಾನೇನ್ ಹುಚ್ಚಿ ಅಲ್ಲ. ಸತ್ತಿರೋದು ಗೊತ್ತು ನಂಗೆ. ಆದ್ರೂ ಅಷ್ಟು ದೂರ ಬದುಕಿರ್ತಾನೆ."

ವಿರೂಪಾಕ್ಷ ಆಫೀಸಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಹೋದ. ಬೇಕರಿಯ ತಿರುವಿನಲ್ಲಿ ಅಫ್ತಾಬನ ಹಾಗೆಯೇ ಗೇರು ಇಳಿಸಿ ಒಮ್ಮೆ ಗುಡುಗಿಸಿದ. ಗೇಟಿನಲ್ಲಿ ನಿಂತಿದ್ದ ಮುದುಕಿಯ ಮುಖ ಅರಳಿದ್ದನ್ನೂ, ಕಾರು ನಿಂತು ಬಾಗಿಲಿನಿಂದ ಇಳಿದವನು "ಅಮ್ಮೀ" ಎಂದಾಗ ಅದು ಬಾಡಿದ್ದನ್ನೂ ಅವನೇ ನೋಡಿದ. ಆದರೂ ಮುಂದಿನ ವಾರ ಫೋನು ಬಂದಾಗ ಮತ್ತೆ ಹೋದ. ಅದರ ಮುಂದಿನ ವಾರವೂ ಹೋದ. ಅವನ ಹೊಟ್ಟೆನೋವಿಗೆ ಮ್ಯಾನೇಜರು ಒಳ್ಳೆಯ ವೈದ್ಯರ ಹೆಸರನ್ನೇ ಹೇಳಿದ. ಒಬ್ಬಾಕೆಯ ಮಾತು ಮೀರಿ ಇನ್ನೊಬ್ಬಾಕೆಗೆ ಅರೆಗಳಿಗೆಯ ಮಗನನ್ನು ತಂದುಕೊಡುತ್ತಿದ್ದೇನೆ, ಇದು ಪುಣ್ಯವೋ ಪಾಪವೋ ಎಂದು ಅವನಿಗೆ ತಿಳಿಯಲಿಲ್ಲ.

ಹೀಗೇ ಹೋದ ಒಂದು ದಿನ ಫಹ್ಮಿದಾ ಕಾರಿನೊಳಗೆ ಕೂರಬೇಕೆಂದರು. ತಗ್ಗಿನ ಸೀಟು, ಕೈಹಿಡಿದು ಕೂರಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. "ಯಾ ಅಲ್ಲಾ, ಇದೇನ್ ಕಾರಾ ಬಾವಿಯಾ" ಎಂದರು. ಕೋಲ್ಸ್ ಪಾರ್ಕಿನ ಸುತ್ತ ಒಂದು ಸುತ್ತು ಹಾಕಿ ಗೇಟಿನ ಮುಂದೆ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಫಹ್ಮಿದಾ ಮಗನ ಹೊಲಿಗೆಗಳ ಮೇಲೆ ಬೆರಳಾಡಿಸುತ್ತಿದ್ದರು.

"ತಣಿಸ್ತಿದ್ದೀಯಾ?"

"ಹೂಂ ಅಮ್ಮೀ."

"ಆ ದಿನ ಆಫ್ ಮಾಡಿದ್ಯಾರು?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. "ನಾನೇ."

"ಅವನನ್ನ ಮುಟ್ಟಿದ್ಯಾ?"

"ಆಮೇಲೆ ಮುಟ್ಟಿದೆ."

"ಬೆಚ್ಚಗಿದ್ನಾ?"

ಬೆಚ್ಚಗಿದ್ದ. ಹೀಟರಿನ ಗಾಳಿಗೆ ಕೆನ್ನೆ, ಕೈ ಎಲ್ಲ ಬೆಚ್ಚಗಿತ್ತು. ಅದಕ್ಕೇ ವಿರೂಪಾಕ್ಷ ನಿದ್ದೆ ಹೋಗಿದ್ದಾನೆಂದುಕೊಂಡು ಇನ್ನೆರಡು ಸಲ ಬೈದಿದ್ದ. "ಬೆಚ್ಚಗಿದ್ದ ಅಮ್ಮೀ" ಎಂದವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟ. ಮೂವತ್ತೆಂಟರ ಗಂಡಸು, ಹಾಡಹಗಲು, ಬೀದಿಯಲ್ಲಿ. ಫಹ್ಮಿದಾ ಅವನ ಬೆನ್ನು ಸವರಿದರು.

ಬೇಕರಿಯ ಕಡೆಯಿಂದ ನೌರೀನ್ ನಡೆದುಬರುತ್ತಿದ್ದಳು. ಪರೀಕ್ಷೆಯ ದಿನವಾದ್ದರಿಂದ ಶಾಲೆ ಅರ್ಧಕ್ಕೇ ಬಿಟ್ಟಿತ್ತು. ಗಲ್ಲಿಯ ತುದಿಯಲ್ಲೇ ಅವಳಿಗೆ ಸದ್ದು ಕೇಳಿಸಿತ್ತು. ಕೈಚೀಲವನ್ನು ಎದೆಗೆ ಅವುಚಿಕೊಂಡು ಬಂದು ಕಾರಿನ ಪಕ್ಕ ನಿಂತಳು. ಸೀಟಿನಲ್ಲಿ ಅತ್ತೆಯನ್ನು ಕಂಡಳು, ಅಳುತ್ತಿದ್ದವನನ್ನು ಕಂಡಳು. ಈಗ ಬಯ್ದಾಳು, ಬಯ್ಯಲಿ, ಬಯ್ದರೆ ಹಗುರಾದೀತು ಎಂದು ವಿರೂಪಾಕ್ಷ ಕಾದ.

ನೌರೀನ್ ತೆರೆದ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದಳು. ಸದ್ದು ನಿಂತಿತು.

"ಎಷ್ಟು ದಿನದಿಂದ ಅಮ್ಮೀ?"

"ನಂದೇ ತಪ್ಪು, ಬಹೂ. ಅವನಿಗೇನೂ ಅನ್ನಬೇಡ."

"ನಂಗೊಂದ್ ಮಾತು ಹೇಳಿದ್ರೆ ಆಗ್ತಿರಲಿಲ್ವಾ? ನಾನೇನು ಅವರಿಗೆ ಹೊರಗಿನೋಳಾ?" ನೌರೀನ್ ಕಾರಿನತ್ತ ಬೆರಳು ತೋರಿದಳು. "ಇದನ್ನ ಸವತಿ ಸವತಿ ಅಂತ ನಗ್ತಿದ್ದೆ. ಕೊನೆಗೆ ಅವರ ಜೊತೆಗಿದ್ದಿದ್ದು ಇದೇ ಅಲ್ವಾ? ನಾನಿರಲಿಲ್ಲ. ಯಾರೂ ಇರಲಿಲ್ಲ."

ಫಹ್ಮಿದಾ ಕೈಚಾಚಿ, ವಿರೂಪಾಕ್ಷನ ಆಸರೆಯಿಂದ ಇಳಿದು, ಕಾರಿನ ಮೈ ತಡವುತ್ತಾ ಮುಂಭಾಗಕ್ಕೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯಿಂದ ಸೊಸೆಯನ್ನು ಹುಡುಕಿ, ಅವಳ ಕೈ ಹಿಡಿದು ತಂದು ತಮ್ಮ ಕೈಯ ಪಕ್ಕದಲ್ಲಿಟ್ಟರು.

"ಇನ್ನೂ ಬೆಚ್ಚಗಿದೆ, ನೋಡು. ಆ ದಿನ ಅವನ ಹತ್ರ ಯಾರೂ ನಿಲ್ಲಲಿಲ್ಲ. ಇವತ್ತು ನಿಲ್ಲೋಣ. ವಿರೂ, ನೀನೂ ಬಾ."

ಮೂವರೂ ನಿಂತರು. ತರಕಾರಿ ಗಾಡಿಯವನು ಕೂಗು ನಿಲ್ಲಿಸಿ ನೋಡಿದ. ಎದುರುಮನೆಯ ವೆಂಕಟಮ್ಮ ಬಟ್ಟೆ ಒಣಹಾಕಲು ಬಂದವರು ಕೊಡವುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಲೋಹ ಒಳಗೊಳಗೇ ಟಿಕ್ ಟಿಕ್ ಎಂದು ಕುಗ್ಗುತ್ತಿತ್ತು. ಬೆಚ್ಚಗಿದ್ದದ್ದು ಉಗುರುಬೆಚ್ಚಗಾಗಿ, ನಿಧಾನಕ್ಕೆ ಅದೂ ಇಲ್ಲವಾಯಿತು. ನೌರೀನ್ ಸದ್ದಿಲ್ಲದೆ ಅಳುತ್ತಿದ್ದಳು. ಫಹ್ಮಿದಾ ತುಟಿಯಲ್ಲೇ ದುಆ ಹೇಳಿ ಮುಗಿಸಿ, ಅಂಗೈಯನ್ನು ಮುಖಕ್ಕೆ ಸವರಿಕೊಂಡರು.

"ತಣ್ಣಗಾಯ್ತು" ಎಂದರು. "ಈಗ ತಗೊಂಡ್ ಹೋಗು ಬೇಟಾ. ಚೆನ್ನಾಗಿ ನೋಡ್ಕೊಳೋರಿಗೆ ಕೊಡು. ಇನ್ಮೇಲೆ ತರಬೇಡ. ನಾನು ಫೋನ್ ಮಾಡಿದ್ರೂ ತರಬೇಡ."

ವಿರೂಪಾಕ್ಷ ಒಳಗೆ ಕೂತು ಕೀ ಹಿಡಿದ. ತಿರುಗಿಸಲು ಕೈ ಬರಲಿಲ್ಲ. ತಿರುಗಿಸಿದರೆ ಒಬ್ಬಳು ಕಿವಿ ಮುಚ್ಚಿಕೊಳ್ಳುತ್ತಾಳೆ, ಇನ್ನೊಬ್ಬಾಕೆ ಮತ್ತೆ ಕಿವಿ ಚಾಚುತ್ತಾರೆ. ಇಳಿದು, ಗೇರು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ತೆರೆದ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ತಳ್ಳಿದ. ಕಾರು ಅಲುಗಲಿಲ್ಲ. ನೌರೀನ್ ಒಂದು ಗಳಿಗೆ ನೋಡಿದಳು. ಕೈಚೀಲವನ್ನು ಅತ್ತೆಗೆ ಕೊಟ್ಟು, ದುಪಟ್ಟಾ ಬಿಗಿದುಕೊಂಡು ಹಿಂದೆ ಹೋಗಿ ತಾನೂ ಕೈ ಕೊಟ್ಟಳು.

ಕಾರು ಉರುಳಿತು. ಫಹ್ಮಿದಾ ಗೇಟು ಹಿಡಿದು, ಆ ಕಡೆಗೇ ಮುಖ ಮಾಡಿ ನಿಂತಿದ್ದರು. ಟೈರಿನ ಕೆಳಗೆ ಜಲ್ಲಿ ಸರಿದದ್ದು, ತಳ್ಳುವವರಿಬ್ಬರ ಉಸಿರು, ಅಷ್ಟೇ ಅವರಿಗೆ ಕೇಳಿಸಿದ್ದು. ಬೇಕರಿಯ ತಿರುವು ದಾಟಿದ ಮೇಲೆ ಅದೂ ಕೇಳಿಸಲಿಲ್ಲ.