ಮೂರನೇ ಕಮಾನಿನ ಕವಲುತೋಕೆ

ಇನ್‌ಸ್ಪೆಕ್ಟರು ಎಂದರೆ ಪೊಲೀಸರಲ್ಲ, ಸೇತುವೆಗಳ ಇನ್‌ಸ್ಪೆಕ್ಟರು. ಸುತ್ತಿಗೆ, ಟಾರ್ಚು, ಉದ್ದ ಕೋಲಿನ ತುದಿಗೆ ಕಟ್ಟಿದ ಕನ್ನಡಿ, ಇಷ್ಟನ್ನು ಹಿಡಿದು ಸೇತುವೆಯ ಕೆಳಗೆ ನುಗ್ಗಿ, ಎಲ್ಲಿ ಬಿರುಕು, ಎಲ್ಲಿ ತುಕ್ಕು ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೊಟ್ಟ ವರದಿಯನ್ನು ಒಮ್ಮೆಯೂ ತಿದ್ದಿದವರಲ್ಲ. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಹೆಂಡತಿ ಕೂಡ ಕೇಳಿರಲಿಲ್ಲ. ಯಾರಾದರೂ ದಾರಿ ಕೇಳಿದರೆ, ತಾವು ಕಾಲಿಟ್ಟಿರದ ಬೀದಿಗೂ ದಾರಿ ತೋರಿಸಿ ಕಳಿಸುವ ಪೈಕಿ.

ಆ ವರ್ಷ ಕಚೇರಿಯವರು ಫಾರಂ ಬದಲಾಯಿಸಿದರು. ಮೊದಲಾದರೆ ‘ಹಕ್ಕಿಗೂಡು: ಒಂದು’ ಎಂದು ಗೀಚಿದರೆ ಮುಗಿಯುತ್ತಿತ್ತು. ಈಗ ಹಕ್ಕಿ ಯಾವುದು, ಗೂಡಿನಲ್ಲಿ ಮೊಟ್ಟೆ ಮರಿ ಇವೆಯೇ ಎಂದು ಎರಡು ಕಾಲಂ ಹೆಚ್ಚಿಗೆ ಬಂದಿದ್ದವು. ಕಾಲುವೆಯ ಮೇಲಿನ ಹಳೇ ಕಲ್ಲುಸೇತುವೆಯ ಮೂರನೇ ಕಮಾನಿಗೆ ಮಣ್ಣಿನದೊಂದು ಗೂಡು ಅಂಟಿಕೊಂಡಿತ್ತು, ಬಟ್ಟಲನ್ನು ನಡುವೆ ಸೀಳಿ ಗೋಡೆಗೆ ಮೆತ್ತಿದ ಹಾಗೆ. ಪಕ್ಕದಲ್ಲೇ ನೀಲಿ ಬೆನ್ನಿನ ಜೋಡಿ ಹಕ್ಕಿ ಹಾರಾಡುತ್ತಿದ್ದವು. ಇನ್‌ಸ್ಪೆಕ್ಟರು ಫೋನಿನಲ್ಲಿ ನಾಲ್ಕು ಫೋಟೋ ಹೊಡೆದು ಮನೆಗೆ ಬಂದು, ಹಕ್ಕಿಗಳ ಪುಸ್ತಕ ತೆರೆದು, ನೀಲಿ ಬೆನ್ನು, ಸೀಳು ಬಾಲ ಕಂಡ ಮೊದಲ ಚಿತ್ರದ ಮೇಲೇ ಬೆರಳಿಟ್ಟರು. ‘ಕವಲುತೋಕೆ. ಚಳಿಗಾಲಕ್ಕೆ ಬಂದು ಹೋಗುವ ವಲಸೆ ಹಕ್ಕಿ. ಇಲ್ಲಿ ಮೊಟ್ಟೆ ಇಡುವುದಿಲ್ಲ. ಗೂಡು ಹಳೆಯದು, ಖಾಲಿ’ ಎಂದು ಬರೆದು ಸಹಿ ಹಾಕಿದರು. ಆ ವರದಿಯ ಮೇಲೆ, ಸೋಮವಾರ ರಭಸದ ನೀರು ಬಿಟ್ಟು ಕಮಾನುಗಳನ್ನು ತೊಳೆದು ಬಿರುಕು ಮುಚ್ಚಿಸಿ ಎಂದು ಆದೇಶವೂ ಆಯಿತು.

ಶನಿವಾರ ಹೆಂಡತಿಯ ತಂಗಿ ಬಂದಳು. ಅವಳು ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು. ಇನ್‌ಸ್ಪೆಕ್ಟರು ಅವಳನ್ನು ಕರೆಯುವುದೇ ‘ಕತ್ತರಿ’ ಎಂದು. ಹೆಸರು ಕೈಗಿಂತ ನಾಲಿಗೆಗೇ ಹೆಚ್ಚು ಒಪ್ಪುತ್ತಿತ್ತು. ಊಟ ಮುಗಿದ ಮೇಲೆ ಭಾವ ತಮ್ಮ ಹೊಸ ವಿದ್ಯೆಯನ್ನು ತೋರಿಸದೆ ಬಿಟ್ಟಾರೆಯೇ? ಫೋಟೋವನ್ನೂ ಪುಸ್ತಕವನ್ನೂ ಅವಳ ಮುಂದಿಟ್ಟರು.

ಅವಳು ಎರಡನ್ನೂ ನೋಡಿದಳು. ಮತ್ತೆ ನೋಡಿದಳು.

“ಭಾವ, ಈ ಹಕ್ಕಿ ತಲೆಗೆ ಬಣ್ಣ ಹಚ್ಚಿದವರು ಯಾರು?”

“ಯಾವ ಬಣ್ಣ?”

“ನೆತ್ತಿ ನೋಡಿ, ಕೆಂಗಂದು ಟೋಪಿ ಇಟ್ಟ ಹಾಗಿದೆ. ಪುಸ್ತಕದ ಹಕ್ಕಿಗೆ ನೆತ್ತಿ ನೀಲಿ. ಕೆಂಪು ಇರೋದು ಗಂಟಲಿಗೆ, ಹಣೆಗೆ ಒಂಚೂರು.”

“ಬಿಸಿಲಿಗೆ ಹಾಗೆ ಕಂಡಿರುತ್ತೆ.”

“ಸೇತುವೆ ಕೆಳಗೆ ಬಿಸಿಲು ಎಲ್ಲಿಂದ ಬಂತು?”

ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು, “ರೀ, ತಲೆ ವಿಷಯದಲ್ಲಿ ಅವಳ ಹತ್ರ ವಾದಕ್ಕೆ ನಿಲ್ಲಬೇಡಿ. ದಿನಕ್ಕೆ ಇಪ್ಪತ್ತು ತಲೆ ನೋಡ್ತಾಳೆ.”

“ನಾನು ಇಪ್ಪತ್ತೆರಡು ವರ್ಷದಿಂದ ಸೇತುವೆ ಕೆಳಗೇ ಇದೀನಿ.”

“ಇದೀರಿ, ಇಲ್ಲ ಅಂದೋರು ಯಾರು? ಹಕ್ಕಿ ನಿಮ್ಮನ್ನ ಚೆನ್ನಾಗೇ ನೋಡಿರುತ್ತೆ. ನೀವು ಅದನ್ನ ನೋಡಿದ್ದೀರಾ ಅಂತ ನಾನು ಕೇಳ್ತಿರೋದು.”

ಹೀಗೆನ್ನುತ್ತ ಕತ್ತರಿ ಹಾಳೆ ಮಗುಚಿದಳು. ಎರಡು ಪುಟ ದಾಟಿದ ಮೇಲೆ ಆ ಟೋಪಿ ಸಿಕ್ಕಿತು. ನೆತ್ತಿ ಕೆಂಗಂದು, ಗಂಟಲಿನಿಂದ ಹೊಟ್ಟೆಯವರೆಗೆ ಅಚ್ಚ ಬಿಳಿ, ಎದೆಯ ಮೇಲೆ ಪಟ್ಟಿ ಇಲ್ಲ, ಬಾಲದ ಎರಡೂ ಅಂಚಿನಿಂದ ಕೂದಲೆಳೆಯಂಥ ಒಂದೊಂದು ಗರಿ. ತಂತಿಬಾಲದ ಕವಲುತೋಕೆ.

ಇನ್‌ಸ್ಪೆಕ್ಟರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಫೋನಿನಲ್ಲಿ ಇನ್ನೊಂದು ಫೋಟೋ ಹುಡುಕಿ, ದೊಡ್ಡದು ಮಾಡಿ ಅವಳ ಮೂಗಿನ ಮುಂದೆ ಹಿಡಿದರು. “ಇದಕ್ಕೆ ತಂತಿ ಎಲ್ಲಿದೆ? ಇದ್ದೂ ಇಲ್ಲದ ಹಾಗಿದೆ. ಒಂದೇ ಗೂಡಿಗೆ ಎರಡು ಜಾತಿ ಹಕ್ಕಿ ಬರುತ್ತಾ?”

“ಮೀಸೆ ನಿಮಗಿದೆ, ಅಕ್ಕನಿಗಿಲ್ಲ. ಹಾಗಂತ ನಿಮ್ಮಿಬ್ಬರದ್ದು ಬೇರೆ ಬೇರೆ ಜಾತಿನಾ? ಓದಿ ಇಲ್ಲಿ, ಹೆಣ್ಣಿಗೆ ತಂತಿ ಗಿಡ್ಡ.”

ಹೆಂಡತಿ ಮಡಿಸಿದ ಬಟ್ಟೆಯನ್ನು ಬದಿಗಿಟ್ಟು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಪುಸ್ತಕ ಎಳೆದುಕೊಂಡು ಮುಂದಿನ ಸಾಲನ್ನು ಗಟ್ಟಿಯಾಗಿ ಓದಿದಳು: “ವಲಸೆ ಹೋಗುವುದಿಲ್ಲ. ನೀರಿನ ಬಳಿ, ಹೆಚ್ಚಾಗಿ ಸೇತುವೆಗಳ ಕೆಳಗೆ ಜೋಡಿಯಾಗಿ ನೆಲೆಸುತ್ತದೆ. ವರ್ಷದ ಬಹುಪಾಲು ತಿಂಗಳು ಮರಿ ಮಾಡುತ್ತದೆ.” ಓದಿ ಮುಗಿಸುವಷ್ಟರಲ್ಲಿ ಅವಳ ನಗು ನಿಂತಿತ್ತು. “ರೀ, ಸೋಮವಾರ ತೊಳೀತಾರೆ ಅಂದ್ರಲ್ಲ, ಅದು ಇದೇ ಸೇತುವೆನಾ?”

“ಹೂಂ.”

“ಗೂಡಿನ ಒಳಗೆ ನೋಡಿದ್ರಾ?”

“ವಲಸೆ ಹಕ್ಕಿ ಇಲ್ಲಿ ಮೊಟ್ಟೆ ಇಡಲ್ಲವಲ್ಲ, ಅದಕ್ಕೆ...”

“ಅಂದ್ರೆ ನೋಡಿಲ್ಲ.”

ಇನ್‌ಸ್ಪೆಕ್ಟರು ಎದ್ದು ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದು ಬಂದರು.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಪಾಳಿ. ಭಾವ, ನಾದಿನಿ ಇಬ್ಬರೇ ಕಾಲುವೆಗೆ ಹೋದರು. ಮೊಣಕಾಲುದ್ದ ನೀರು. ಪ್ಯಾಂಟು ಮಡಚಿ ಇನ್‌ಸ್ಪೆಕ್ಟರು ಇಳಿದರು. ಮೂರನೇ ಕಮಾನಿನ ನೆರಳಿಗೆ ಹೊಕ್ಕ ಕೂಡಲೇ ಉದ್ದ ತಂತಿಯ ಹಕ್ಕಿ ಅವರ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹಾದುಹೋಯಿತು. ತಿರುಗಿ ಬಂದು ಇನ್ನೊಂದು ಸಲ. ಗಿಡ್ಡ ತಂತಿಯದು ಗೂಡಿನಿಂದ ಎದ್ದು ದಡದ ಮುಳ್ಳುಕಡ್ಡಿಯ ಮೇಲೆ ಕೂತು ಚಿಟಿಚಿಟಿ ಎಂದು ಬೈಯತೊಡಗಿತು.

ಕೋಲನ್ನು ಎತ್ತಿ, ಕನ್ನಡಿಯನ್ನು ಗೂಡಿನ ಮೇಲಕ್ಕೆ ಓರೆಯಾಗಿ ಹಿಡಿದು, ಟಾರ್ಚಿನ ಬೆಳಕು ಬಿಟ್ಟರು. ಕೋಳಿಪುಕ್ಕ ಹಾಸಿದ ಗುಳಿಯಲ್ಲಿ ಮೂರು ಮೊಟ್ಟೆ. ಬಿಳಿ ಮೈಗೆ ಇಟ್ಟಿಗೆ ಪುಡಿ ಚಿಮುಕಿಸಿದಂತೆ ಚುಕ್ಕೆಗಳು.

ಅವರು ತಕ್ಷಣ ಕೋಲು ಇಳಿಸಿ ಹೊರಗೆ ಬಂದರು. ಹೆಣ್ಣು ಹಕ್ಕಿ ಗೂಡಿಗೆ ಮರಳುವವರೆಗೂ ದಡದಲ್ಲಿ ಅಲುಗಾಡದೆ ನಿಂತಿದ್ದರು. ರಭಸದ ನೀರು ಆ ಮಣ್ಣಿಗೆ ತಾಗಿದರೆ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಲ್ಲಿಗಂಟಿದ ಹಳೇ ಗಾರೆಯೇ ಅದಕ್ಕೆ ಉದುರುತ್ತದೆ. ಕಲ್ಲನ್ನು ತಟ್ಟಿ ಒಳಗಿನ ಪೊಳ್ಳು ಕಂಡುಹಿಡಿಯುವ ನಾನು ಒಂದು ಗೂಡಿಗೆ ಇಣುಕಿ ನೋಡಲಿಲ್ಲವಲ್ಲ ಎಂದು ಮುಖ ಬಿಸಿಯಾಯಿತು.

“ಎಷ್ಟು?” ಎಂದಳು ಕತ್ತರಿ.

“ಮೂರು.”

ಅವಳು ಚೀಲದಿಂದ ಅವರ ಫೋನು ತೆಗೆದು ಕೈಗಿಟ್ಟಳು.

ಮೇಲಧಿಕಾರಿ ಮೇಡಂ ರಜೆಯ ದಿನವಾದರೂ ಎರಡನೇ ಸಲಕ್ಕೆ ಕರೆ ಎತ್ತಿದರು.

“ಮೇಡಂ, ಆ ಕಲ್ಲುಸೇತುವೆ ವರದಿ ಇದೆಯಲ್ಲ, ಅದರಲ್ಲಿ ಒಂದು ಸಣ್ಣ... ಅಂದ್ರೆ, ಹೇಗೆ ಹೇಳೋದು...” ನಾದಿನಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದಳು, ಚಿಕ್ಕದು ಮಾಡಿ ಎಂದು. “ನಂದು ತಪ್ಪಾಗಿದೆ ಮೇಡಂ.”

ಆಚೆ ಕಡೆಯಿಂದ ಪ್ರಶ್ನೆ ಬಂತು.

“ಯಾರು ಮಾತಾಡ್ತಿರೋದು?”

“ನಾನೇ ಮೇಡಂ.”

“ದನಿ ನಿಮ್ಮದೇ. ಮಾತು ನಿಮ್ಮದಲ್ಲ, ಅದಕ್ಕೆ ಕೇಳಿದೆ.”

ವಿಷಯ ಕೇಳಿದ ಮೇಲೆ ಮೇಡಂ ಹೆಚ್ಚು ಎಳೆಯಲಿಲ್ಲ. ಐದು ಕಮಾನುಗಳಲ್ಲಿ ಮೊದಲು ಎರಡು ತುದಿಯವು ಆಗಲಿ, ನಡುವಿನ ಮೂರನ್ನು ಮರಿ ಹಾರಿದ ಮೇಲೆ ನೋಡೋಣ, ತಿದ್ದುಪಡಿಯನ್ನು ಮಾತ್ರ ನೀವೇ ಕೈಯಾರೆ ಬರೆದು ಕೊಡಿ ಎಂದರು. ಇನ್‌ಸ್ಪೆಕ್ಟರು ಅವತ್ತು ಮಧ್ಯಾಹ್ನವೇ ಬರೆಯಲು ಕೂತರು. ‘ಹಿಂದಿನ ವರದಿಯಲ್ಲಿ ಹಕ್ಕಿಯನ್ನು ತಪ್ಪಾಗಿ ಗುರುತಿಸಲಾಗಿದೆ’ ಎಂದು ಬರೆದಾಗ ಕತ್ತರಿ ಹಿಂದೆ ನಿಂತು ಕೇಳಿದಳು, “ಗುರುತಿಸಲಾಗಿದೆ ಅಂದ್ರೆ? ಯಾರು, ಹಕ್ಕಿನೇ ಗುರುತಿಸ್ಕೊಂಡಿತಾ?” ಅವರು ಹೊಡೆದುಹಾಕಿ ‘ಗುರುತಿಸಿದ್ದೆ’ ಎಂದು ಬರೆದರು.

ಸೋಮವಾರ ಕೆಲಸದವರ ಮೇಸ್ತ್ರಿ ಬಂದು, ನಡುವಿನ ಮೂರನ್ನು ಯಾಕೆ ಬಿಡಬೇಕು ಸಾರ್ ಎಂದು ಕೇಳಿ ಕೆಟ್ಟ. ನೆತ್ತಿ, ಗಂಟಲು, ತಂತಿ, ಗಂಡು, ಹೆಣ್ಣು ಎಂದು ಕಾಲು ಗಂಟೆ ಪಾಠ ಆಯಿತು. “ಬಿಡ್ತೀವಿ ಸಾರ್, ಖಂಡಿತ ಬಿಡ್ತೀವಿ, ಈಗ ನಮ್ಮನ್ನೂ ಬಿಡಿ” ಎಂದು ಅವನು ಕೈಮುಗಿದ. ಕತ್ತರಿ ಆ ದಿನವೇ ತನ್ನ ಊರಿಗೆ ಹೋದಳು.

ಮೂರರಲ್ಲಿ ಎರಡು ಮರಿಯಾದವು, ಒಂದು ಒಡೆಯಲಿಲ್ಲ. ಐದನೇ ವಾರದ ಭಾನುವಾರ ಪಾಳಿ ಇಲ್ಲದ್ದರಿಂದ ಹೆಂಡತಿ ತಾನೂ ನೋಡುತ್ತೇನೆಂದು ಹೊರಟಳು. ಹೊಸ ಚಪ್ಪಲಿಯಲ್ಲಿ ಜಾರುತ್ತ ದಡಕ್ಕೆ ಇಳಿದು, ಗಂಡನ ಪಕ್ಕ ಕಲ್ಲಿನ ಮೇಲೆ ಕೂತಳು. ಗಂಡ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಬಹಳ ಹೊತ್ತಿನ ಮೇಲೆ ಒಂದು ಮಾತಾಡಿದಳು.

“ಹೆಣ್ಣು ಒಂಬತ್ತು ಸಲ ಹುಳ ತಂತು. ಗಂಡು ಆರು.”

“ನೀನು ಎಣಿಸ್ತಿದ್ಯಾ?”

“ನೀವು ತಂತಿ ನೋಡ್ತಿದ್ರಿ.”

ಅಷ್ಟರಲ್ಲಿ ಒಂದು ಮರಿ ಗೂಡಿನ ಅಂಚಿಗೆ ಹತ್ತಿ, ತೂರಾಡಿ, ಕೆಳಕ್ಕೆ ಬಿದ್ದಂತಾಯಿತು. ಇನ್‌ಸ್ಪೆಕ್ಟರು ನೀರಿಗೆ ಹಾರಲು ಎದ್ದೇಬಿಟ್ಟರು. ಹೆಂಡತಿ ಅಂಗಿಯ ತುದಿ ಹಿಡಿದು ಎಳೆದಳು. ನೀರಿಗೆ ಇನ್ನು ಒಂದು ಗೇಣು ಇದೆ ಎನ್ನುವಾಗ ರೆಕ್ಕೆ ಹಿಡಿತಕ್ಕೆ ಬಂದು, ಮರಿ ಓರೆಕೋರೆಯಾಗಿ ಏರಿ ಆಚೆ ದಡದ ಮುಳ್ಳುಕಡ್ಡಿಗೆ ಅಂಟಿಕೊಂಡಿತು. ಮಾಸಲು ಕಂದು ತಲೆ, ಮೊಂಡು ಬಾಲ. ಇನ್ನೊಂದು ಮರಿ ಗೂಡು ಬಿಡುವ ಲಕ್ಷಣ ತೋರಲಿಲ್ಲ. ಬಿಸಿಲು ನೆತ್ತಿಗೇರಿ, ಊಟದ ಹೊತ್ತು ಮೀರಿದರೂ ಇಬ್ಬರೂ ಅಲ್ಲಿಂದ ಏಳಲಿಲ್ಲ.